ಊರಲ್ಲೊಂದು ಮನೆ, ಹೊರದೇಶದಲ್ಲೊಂದು ಮನೆ: ಮೊಬೈಲ್ ಖರ್ಚು ಕಡಿಮೆ ಮಾಡುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಕಡೆಯ ಎಷ್ಟೋ ಕುಟುಂಬಗಳಿಗೆ ಈಗ ಇನ್ನೊಂದು ಮನೆ ಬೇರೆ ದೇಶದಲ್ಲಿದೆ. ಮಗಳು ಡಲ್ಲಾಸ್‌ನಲ್ಲಿ ಮನೆ ಕೊಂಡಿರುತ್ತಾಳೆ. ಮಗ ದುಬೈನಲ್ಲಿ ಫ್ಲ್ಯಾಟ್ ಮಾಡಿರುತ್ತಾನೆ. ಕಾಫಿ ಕೊಯ್ಲು ಮುಗಿಸಿ, ಹೂ ಮಳೆ ಬಿದ್ದದ್ದು ನೋಡಿಕೊಂಡು ಹೊರಟು, ಮೂರು ನಾಲ್ಕು ತಿಂಗಳು ಅಲ್ಲಿದ್ದು ಬರುವ ಅಪ್ಪ ಅಮ್ಮ ತುಂಬ ಜನ. ಹೊರದೇಶದಲ್ಲೇ ನೆಲೆಸಿ, ಸಕಲೇಶಪುರದಲ್ಲೋ ಮೂಡಿಗೆರೆಯಲ್ಲೋ ಮನೆ ಉಳಿಸಿಕೊಂಡು, ವರ್ಷಕ್ಕೆ ಒಂದೆರಡು ಸಲ ಬರುವವರೂ ಇದ್ದಾರೆ. ಇಬ್ಬರ ಪ್ರಶ್ನೆಗಳೂ ಹೆಚ್ಚುಕಮ್ಮಿ ಒಂದೇ. ಒಂದಷ್ಟು ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ರೀಚಾರ್ಜ್ ಬೆಲೆಗಳು ಬದಲಾಗುತ್ತಲೇ ಇರುತ್ತವೆ. ಅದಕ್ಕೇ ಬೆಲೆ ಹೇಳಿದ ಕಡೆ ವರ್ಷವನ್ನೂ ಹಾಕಿದ್ದೇನೆ. ದುಡ್ಡು ಕಟ್ಟುವ ಮುಂಚೆ ಕಂಪನಿಯ ಆ್ಯಪ್‌ನಲ್ಲಿ ಒಮ್ಮೆ ನೋಡಿಕೊಳ್ಳಿ.

ಎಲ್ಲಕ್ಕಿಂತ ಕಡಿಮೆ ಖರ್ಚಿನ ದಾರಿ ಯಾವುದು?

ಒಂದೇ ಫೋನ್‌ನಲ್ಲಿ ಎರಡು ಸಿಮ್. ಊರಿನ ಸಿಮ್ ಒಟಿಪಿಗೆ ಮಾತ್ರ. ಅಲ್ಲಿನ ಸಿಮ್ ಇಂಟರ್ನೆಟ್‌ಗೆ ಮತ್ತು ಅಲ್ಲಿನವರ ಜೊತೆ ಮಾತಾಡಲು. ಊರಿಗೆ ಮಾತಾಡುವುದು ಮನೆಯ ವೈಫೈನಲ್ಲಿ, ವಾಟ್ಸಾಪ್ ಮೂಲಕ. ಇಷ್ಟೇ. ಆದರೆ ಇದು ಸರಿಯಾಗಿ ನಡೆಯಬೇಕಾದರೆ ಅರ್ಧ ಕೆಲಸ ವಿಮಾನ ಹತ್ತುವ ಮುಂಚೆ ಊರಲ್ಲೇ ಮುಗಿಯಬೇಕು. ಅಲ್ಲಿಗೆ ಹೋದ ಮೇಲೆ ಸರಿಮಾಡಲು ಹೋದರೆ ಸಣ್ಣ ಕೆಲಸವೂ ದೊಡ್ಡದಾಗುತ್ತದೆ.

ಕರೆಯ ಖರ್ಚಿನ ಬಗ್ಗೆ ಎಲ್ಲರೂ ಯೋಚಿಸುತ್ತಾರೆ. ನಂಬರ್ ಕಳೆದುಕೊಂಡರೆ ಆಗುವ ನಷ್ಟದ ಬಗ್ಗೆ ಯೋಚಿಸುವವರು ಕಡಿಮೆ. ನನ್ನ ಪ್ರಕಾರ ಮೊದಲು ಕಾಪಾಡಬೇಕಾದದ್ದು ನಂಬರನ್ನು.

ಊರಿನ ಸಿಮ್ ನಾಲ್ಕು ತಿಂಗಳು ಬಳಸದಿದ್ದರೆ ಬಂದ್ ಆಗುತ್ತಾ?

ಇಲ್ಲಿ ಎರಡು ವಿಷಯಗಳಿವೆ. ಜನ ಎರಡನ್ನೂ ಸೇರಿಸಿಬಿಡುತ್ತಾರೆ.

ಒಂದು, ನಂಬರ್ ನಿಮ್ಮ ಹೆಸರಿನಲ್ಲಿ ಉಳಿಯುವುದು. ಟೆಲಿಕಾಂ ಕಂಪನಿಗಳಿಗೆ ನಿಯಮ ಹಾಕುವ ಸರ್ಕಾರಿ ಸಂಸ್ಥೆ ಟ್ರಾಯ್ 2013ರಲ್ಲಿ ಮಾಡಿದ ನಿಯಮದ ಪ್ರಕಾರ, ಪ್ರೀಪೇಯ್ಡ್ ಸಿಮ್ ಬಳಸದೆ 90 ದಿನ ಆಗುವ ಮುಂಚೆ ಕಂಪನಿ ಅದನ್ನು ರದ್ದು ಮಾಡುವಂತಿಲ್ಲ. 90 ದಿನ ದಾಟಿದರೂ ಖಾತೆಯಲ್ಲಿ 20 ರೂಪಾಯಿ ಇದ್ದರೆ, ಅದನ್ನು ಕಡಿದುಕೊಂಡು ಇನ್ನೂ 30 ದಿನ ಉಳಿಸಬೇಕು. ರದ್ದಾದರೆ ಮತ್ತೆ ಚಾಲೂ ಮಾಡಿಸಿಕೊಳ್ಳಲು 15 ದಿನದ ಅವಕಾಶ ಇದೆ.

ಎರಡನೆಯದು, ಆ ನಂಬರ್‌ಗೆ ಒಟಿಪಿ ಬರುವುದು. ಪ್ಯಾಕ್ ಮುಗಿದರೆ ಮೊದಲು ಹೊರಹೋಗುವ ಕರೆ ನಿಲ್ಲುತ್ತದೆ, ಸ್ವಲ್ಪ ದಿನದಲ್ಲಿ ಒಳಬರುವುದೂ ನಿಲ್ಲುತ್ತದೆ. ನಂಬರ್ ನಿಮ್ಮದೇ ಆಗಿದ್ದರೂ ಬ್ಯಾಂಕಿನ ಮೆಸೇಜ್ ಬರುವುದಿಲ್ಲ. ಹಾಗಾಗಿ 20 ರೂಪಾಯಿ ಇದೆ ಅಂತ ಸುಮ್ನೆ ಕೂರುವಂತಿಲ್ಲ. ನೀವು ವಾಪಸ್ ಬರುವ ದಿನ ದಾಟಿ ಇನ್ನೂ ಒಂದು ತಿಂಗಳಾದರೂ ಇರುವಷ್ಟು ವ್ಯಾಲಿಡಿಟಿ ಹಾಕಿಸಿ ಹೊರಡಿ. ಮಗಳ ಹೆರಿಗೆಗೆ ಹೋದವರು, ಮೊಮ್ಮಗುವನ್ನು ನೋಡಿಕೊಳ್ಳಲು ಹೋದವರು ಹೇಳಿದ ದಿನಕ್ಕೆ ವಾಪಸ್ ಬರುವುದು ಅಪರೂಪ, ಅಲ್ವಾ?

ನಂಬರ್ ಹೋದರೆ ಏನಾಯಿತು, ಹೊಸದು ತಗೊಂಡರಾಯಿತಲ್ಲ?

ದಯವಿಟ್ಟು ಹಾಗೆ ಯೋಚಿಸಬೇಡಿ. ರದ್ದಾದ ನಂಬರನ್ನು ಕನಿಷ್ಠ 90 ದಿನ ಯಾರಿಗೂ ಕೊಡುವುದಿಲ್ಲ. ಆಮೇಲೆ ಅದು ಬೇರೆಯವರ ಕೈಗೆ ಹೋಗಬಹುದು. ಆ ನಂಬರ್‌ಗೆ ನಿಮ್ಮ ಬ್ಯಾಂಕ್ ಖಾತೆ, ಆಧಾರ್, ಪಿಂಚಣಿ, ಗ್ಯಾಸ್ ಬುಕಿಂಗ್ ಎಲ್ಲ ಅಂಟಿಕೊಂಡಿರುತ್ತದೆ. ಹಾಸನದವರಿಗೆ ಸೆಸ್ಕ್, ಚಿಕ್ಕಮಗಳೂರಿನವರಿಗೆ ಮೆಸ್ಕಾಂ ಕರೆಂಟ್ ಬಿಲ್ಲಿನ ಮೆಸೇಜ್ ಕೂಡ ಅಲ್ಲಿಗೇ. ಆಧಾರ್‌ಗೆ ಹೊಸ ನಂಬರ್ ಸೇರಿಸಬೇಕಾದರೆ ಮತ್ತೆ ನಿಮ್ಮ ಗುರುತು ಸಾಬೀತು ಮಾಡಬೇಕು. ಡಲ್ಲಾಸ್‌ನಲ್ಲಿ ಕೂತು ಅದು ಸುಲಭದ ಕೆಲಸವಲ್ಲ.

ಹಾಗಾದರೆ ಎಷ್ಟರ ರೀಚಾರ್ಜ್ ಮಾಡಿಸಲಿ?

ನೀವು ಊರಲ್ಲಿಲ್ಲದ ತಿಂಗಳುಗಳಿಗೆ ದಿನಕ್ಕೆ 2 ಜಿಬಿ ಡೇಟಾದ ಪ್ಯಾಕ್ ಹಾಕಿಸುವುದು ಶುದ್ಧ ದಂಡ. ಆ ಡೇಟಾ ಹೊರದೇಶದಲ್ಲಿ ನಡೆಯುವುದೇ ಇಲ್ಲ.

2024ರ ಡಿಸೆಂಬರ್‌ನಲ್ಲಿ ಟ್ರಾಯ್ ಒಂದು ಒಳ್ಳೆಯ ಕೆಲಸ ಮಾಡಿತು. ಡೇಟಾ ಬೇಡದವರಿಗೆ ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕ್ ಕೊಡಲೇಬೇಕು ಎಂದು ಹೇಳಿತು. ಅಂಥ ಪ್ಯಾಕ್‌ಗೆ 90 ದಿನ ಇದ್ದ ಮಿತಿಯನ್ನು 365 ದಿನಕ್ಕೆ ಏರಿಸಿತು. 2025ರ ಜನವರಿಯಲ್ಲಿ ಏರ್‌ಟೆಲ್ 365 ದಿನಕ್ಕೆ 1,849 ರೂಪಾಯಿ, ಜಿಯೋ 336 ದಿನಕ್ಕೆ 1,748 ರೂಪಾಯಿ ಅಂತ ಇಟ್ಟವು. ದಿನಕ್ಕೆ ಲೆಕ್ಕ ಹಾಕಿದರೆ ಐದು ರೂಪಾಯಿ ಆಸುಪಾಸು. ಹೆಚ್ಚುಕಮ್ಮಿ ವರ್ಷವಿಡೀ ನಂಬರ್ ಜೀವಂತ ಇರುತ್ತದೆ, ಮಧ್ಯದಲ್ಲಿ ಮರೆತು ಹೋಗುವ ಭಯ ಇಲ್ಲ. ಅಂಗಡಿಯಲ್ಲಿ ಕೇಳದಿದ್ದರೆ ಇದನ್ನು ಹೇಳುವುದು ಕಡಿಮೆ. ಡೇಟಾ ಇಲ್ಲದ ಪ್ಯಾಕ್ ಬೇಕು ಅಂತ ಬಾಯಿಬಿಟ್ಟು ಕೇಳಿ. ಊರಿಗೆ ಬಂದಾಗ ಇಂಟರ್ನೆಟ್ ಬೇಕಾದರೆ ಮನೆಯ ವೈಫೈ ಬಳಸಿ. ಹೊರಗೆ ಓಡಾಡುವಾಗ ಬೇಕೆಂದರೆ, ಈ ಪ್ಯಾಕಿನ ಮೇಲೆ ಯಾವ ಡೇಟಾ ಪ್ಯಾಕ್ ಕೂರುತ್ತದೆ ಅಂತ ಮೊದಲು ಕೇಳಿ ಹಾಕಿಸಿ.

ಪೋಸ್ಟ್‌ಪೇಯ್ಡ್ ಇದ್ದು ತಿಂಗಳು ತಿಂಗಳು ಬಿಲ್ ಕಟ್ಟುತ್ತಿರುವ ಹಿರಿಯರಿದ್ದರೆ, ಪ್ರೀಪೇಯ್ಡ್‌ಗೆ ಬದಲಾಯಿಸಿಕೊಳ್ಳುವುದು ಒಳ್ಳೆಯದು. ನಂಬರ್ ಅದೇ ಇರುತ್ತದೆ. ರೋಮಿಂಗ್‌ನಲ್ಲಿ ತಪ್ಪಿ ಏನಾದರೂ ಆನ್ ಆದರೂ ದೊಡ್ಡ ಬಿಲ್ ಬರುವ ಅಪಾಯ ಇರುವುದಿಲ್ಲ.

ಹೊರದೇಶದಲ್ಲಿ ಒಟಿಪಿ ಬರಲು ರೋಮಿಂಗ್ ಪ್ಯಾಕ್ ಬೇಕಾ?

ರೋಮಿಂಗ್ ಸೇವೆ ಬೇರೆ, ರೋಮಿಂಗ್ ಪ್ಯಾಕ್ ಬೇರೆ. ಸೇವೆ ಅಂದರೆ ನಿಮ್ಮ ಸಿಮ್‌ಗೆ ಅಲ್ಲಿನ ಟವರ್ ಹಿಡಿಯಲು ಅನುಮತಿ. ಇದನ್ನು ಊರಲ್ಲಿದ್ದಾಗಲೇ ಆ್ಯಪ್‌ನಲ್ಲೋ ಕಸ್ಟಮರ್ ಕೇರ್‌ಗೆ ಫೋನ್ ಮಾಡಿಯೋ ಆನ್ ಮಾಡಿಸಬೇಕು. ಪ್ಯಾಕ್ ಅಂದರೆ ಅಲ್ಲಿ ಮಾತಾಡಲು, ಡೇಟಾ ಬಳಸಲು ಕೊಡುವ ದುಡ್ಡು. ರೋಮಿಂಗ್‌ನಲ್ಲಿ ಒಳಬರುವ ಎಸ್‌ಎಂಎಸ್‌ಗೆ ಸಾಮಾನ್ಯವಾಗಿ ದುಡ್ಡಿಲ್ಲ. ಹಾಗಾಗಿ ಒಟಿಪಿಗೋಸ್ಕರ ದೊಡ್ಡ ಪ್ಯಾಕ್ ಹಾಕಿಸಬೇಕಾಗಿಲ್ಲ. ಆದರೆ ನಿಮ್ಮ ಕಂಪನಿಯ ಪ್ಯಾಕಿನಲ್ಲಿ, ನೀವು ಹೋಗುವ ದೇಶದಲ್ಲಿ ಇದು ಹೌದಾ ಅಂತ ಹೊರಡುವ ಮುಂಚೆ ಕೇಳಿಕೊಳ್ಳಿ. ಬಿಎಸ್‌ಎನ್‌ಎಲ್ ಸಿಮ್ ಇರುವವರು ಇದನ್ನು ಮರೆಯಲೇಬಾರದು. ಮಲೆನಾಡಿನ ಒಳಗೆ ಅದೊಂದೇ ಸಿಗ್ನಲ್ ಅಂತ ಬ್ಯಾಂಕಿಗೂ ಅದೇ ನಂಬರ್ ಕೊಟ್ಟವರು ಬಹಳ ಜನ.

ಅಲ್ಲಿ ಇಳಿದ ಮೇಲೆ ಮಾಡಬೇಕಾದದ್ದು: ಊರಿನ ಸಿಮ್‌ನ ಡೇಟಾ ರೋಮಿಂಗ್ ಆಫ್ ಇದೆಯಾ ನೋಡಿ. ಆ ಸಿಮ್‌ಗೆ ಕರೆ ಬಂದರೆ ಎತ್ತಬೇಡಿ, ಎತ್ತಿದ ಕೂಡಲೇ ದುಡ್ಡು ಓಡುತ್ತದೆ. ಕರೆ ಬಂದವರಿಗೆ ವಾಟ್ಸಾಪ್‌ನಲ್ಲಿ ವಾಪಸ್ ಮಾಡಿ. ಮೊದಲ ದಿನವೇ ನೆಟ್‌ಬ್ಯಾಂಕಿಂಗ್‌ಗೆ ಲಾಗಿನ್ ಆಗಿ ಒಟಿಪಿ ಬರುತ್ತದಾ ಪರೀಕ್ಷೆ ಮಾಡಿ. ಬರದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಅನ್ನು ಕೈಯಾರೆ ಆರಿಸಿ, ಬೇರೆ ಕಂಪನಿಯ ಟವರ್ ಹಿಡಿಸಿ ನೋಡಿ. ಬಹಳ ಸಲ ಅಷ್ಟರಲ್ಲೇ ಸರಿಹೋಗುತ್ತದೆ.

ಸಿಮ್ ಊರಲ್ಲೇ ಬಿಟ್ಟು, ಒಟಿಪಿ ಬಂದಾಗ ಪಕ್ಕದ ಮನೆಯವರನ್ನೋ ರೈಟರನ್ನೋ ಕೇಳಿದರೆ?

ಇದು ನಮ್ಮ ಕಡೆ ತುಂಬ ನಡೆಯುತ್ತದೆ. ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ಕೈಗೆ ಹಳೇ ಫೋನ್ ಕೊಟ್ಟು ಹೋಗುವುದು, ಬೇಕಾದಾಗ ಒಟಿಪಿ ಓದಿಸಿಕೊಳ್ಳುವುದು. ನಂಬಿಕೆ ಇರುವ ಮನುಷ್ಯನೇ ಇರಬಹುದು. ಆದರೂ ಬೇಡ. ಆ ಫೋನ್ ಕಳೆದರೆ, ಅಥವಾ ಬ್ಯಾಂಕಿನವರು ಅಂತ ಹೇಳಿಕೊಂಡು ಯಾರೋ ಫೋನ್ ಮಾಡಿ ಆ ಮುಗ್ಧನಿಂದ ಒಟಿಪಿ ಹೇಳಿಸಿಕೊಂಡರೆ, ಹೋಗುವುದು ನಿಮ್ಮ ದುಡ್ಡು, ಹಾಳಾಗುವುದು ಅವನ ಹೆಸರು. ಅವನನ್ನು ಆ ಇಕ್ಕಟ್ಟಿಗೆ ಸಿಕ್ಕಿಸುವುದು ನ್ಯಾಯವಲ್ಲ. ಮೇಲಾಗಿ ಜೂನ್, ಜುಲೈ ಮಳೆಯಲ್ಲಿ ಕರೆಂಟ್ ಹೋಗಿ ಟವರ್ ಮಲಗಿದರೆ ಒಟಿಪಿ ಅವನಿಗೂ ಬರುವುದಿಲ್ಲ. ಯುಪಿಐ ಆ್ಯಪ್‌ಗಳು ಸಿಮ್ ಅದೇ ಫೋನ್‌ನಲ್ಲಿ ಇರಬೇಕು ಅನ್ನುತ್ತವೆ. ಸಿಮ್ ನಿಮ್ಮ ಜೊತೆಗೇ ಬರಲಿ.

ರೋಮಿಂಗ್ ಪ್ಯಾಕ್ ಯಾವಾಗಲೂ ದಂಡವೇ?

ಇಲ್ಲ. ವಾರ ಹತ್ತು ದಿನದ ಪ್ರಯಾಣಕ್ಕೆ ಅದೇ ಸುಲಭ. ಏರ್‌ಟೆಲ್ 2024ರಲ್ಲಿ ದಿನಕ್ಕೆ 133 ರೂಪಾಯಿಯಿಂದ ಶುರುವಾಗುವ ಪ್ಯಾಕ್‌ಗಳನ್ನು ತಂದಿತ್ತು. ಹತ್ತು ದಿನಕ್ಕೆ ಅದು ಸರಿ. ಆದರೆ ಅದೇ ಲೆಕ್ಕದಲ್ಲಿ 90 ದಿನ ಅಂದರೆ ಹನ್ನೆರಡು ಸಾವಿರ ಸಮೀಪಿಸುತ್ತದೆ.

ಹೋಗಿ ಬಂದು ಮಾಡುವವರಿಗೆ ನನಗೆ ಇಷ್ಟವಾದದ್ದು ಏರ್‌ಟೆಲ್ 2025ರಲ್ಲಿ ತಂದ 4,000 ರೂಪಾಯಿಯ ಒಂದು ವರ್ಷದ ಪ್ಯಾಕ್. ವರ್ಷಕ್ಕೆ ಹೊರದೇಶದಲ್ಲಿ ಬಳಸಲು 5 ಜಿಬಿ ಡೇಟಾ, 100 ನಿಮಿಷ ಕರೆ. ಭಾರತದಲ್ಲಿದ್ದಾಗ ದಿನಕ್ಕೆ 1.5 ಜಿಬಿ ಮತ್ತು ಕರೆ. ಎರಡೂ ಕಡೆಗೂ ಒಂದೇ ರೀಚಾರ್ಜ್. 5 ಜಿಬಿಯಲ್ಲಿ ಮೂರು ತಿಂಗಳು ಕಳೆಯಲಾಗುವುದಿಲ್ಲ, ನಿಜ. ಆದರೆ ದೋಹಾದಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ವಿಮಾನ ಬದಲಾಯಿಸುವಾಗ, ಇಳಿದ ಕೂಡಲೇ ಮಗನಿಗೆ ಫೋನ್ ಮಾಡುವಾಗ, ಅಂಗಡಿಯಲ್ಲಿ ದಾರಿ ತಪ್ಪಿದಾಗ ಅಷ್ಟು ಸಾಕು. ಉಳಿದದ್ದಕ್ಕೆ ಮನೆಯ ವೈಫೈ ಇದೆ. ಮನೆ ಬಿಟ್ಟು ಹೆಚ್ಚು ಹೊರಗೆ ಹೋಗದ ಹಿರಿಯರು ಅಲ್ಲಿನ ಸಿಮ್ ತಗೊಳ್ಳದೆ ಇದರಲ್ಲೇ ನಡೆಸಬಹುದು.

ಅಮೆರಿಕದಲ್ಲಿ ಯಾವ ಸಿಮ್ ತಗೊಳ್ಳುವುದು?

ಮೊದಲು ಮಗನೋ ಮಗಳೋ ಯಾವ ಫ್ಯಾಮಿಲಿ ಪ್ಲ್ಯಾನ್‌ನಲ್ಲಿದ್ದಾರೆ ಕೇಳಿ. ಅದಕ್ಕೆ ಇನ್ನೊಂದು ಲೈನ್ ಸೇರಿಸುವುದು ಎಷ್ಟೋ ಸಲ ಹೊಸ ಸಿಮ್‌ಗಿಂತ ಅಗ್ಗ.

ಅದಾಗದಿದ್ದರೆ, ಅಲ್ಲಿ ಸ್ವಂತ ಟವರ್ ಇರುವ ದೊಡ್ಡ ಕಂಪನಿಗಳು ಮೂರು: ಎಟಿ ಆ್ಯಂಡ್ ಟಿ, ವೆರೈಜನ್, ಟಿ-ಮೊಬೈಲ್. ಅವುಗಳ ಟವರನ್ನೇ ಬಾಡಿಗೆಗೆ ಪಡೆದು ಕಡಿಮೆ ಬೆಲೆಗೆ ಮಾರುವ ಸಣ್ಣ ಕಂಪನಿಗಳು ಬಹಳ ಇವೆ. ಟೆಲ್ಲೋ, ಮಿಂಟ್, ಅಲ್ಟ್ರಾ ಮೊಬೈಲ್ ಇವೆಲ್ಲ ಟಿ-ಮೊಬೈಲ್ ಜಾಲದಲ್ಲಿ ನಡೆಯುತ್ತವೆ. ಅಲ್ಟ್ರಾದ ಪೇಗೋ ಪ್ಲ್ಯಾನ್ 2024ರಲ್ಲಿ ತಿಂಗಳಿಗೆ 3 ಡಾಲರ್‌ಗೆ 100 ನಿಮಿಷ, 100 ಮೆಸೇಜ್, 100 ಎಂಬಿ ಕೊಡುತ್ತಿತ್ತು. ಅಮೆರಿಕದ ನಂಬರ್ ವರ್ಷವಿಡೀ ಉಳಿಸಿಕೊಳ್ಳಬೇಕಾದವರಿಗೆ ಇಂಥದ್ದು ಬಹಳ ಅನುಕೂಲ. ಟೆಲ್ಲೋದಲ್ಲಿ ನಿಮಿಷ ಇರುವ ಪ್ಲ್ಯಾನ್ ತಗೊಂಡರೆ ಅದೇ ನಿಮಿಷಗಳಲ್ಲಿ ಭಾರತಕ್ಕೂ ಕರೆ ಮಾಡಬಹುದು. ವಾಟ್ಸಾಪ್ ಇಲ್ಲದ ಅಜ್ಜಿಗೆ ನೇರ ಫೋನ್ ಮಾಡಲು ಇದಕ್ಕಿಂತ ಸುಲಭ ಇಲ್ಲ.

ಅಮೆರಿಕದ ಕಂಪನಿಗಳು 2022ರಲ್ಲೇ 3ಜಿ ಮುಚ್ಚಿದವು. ಈಗ ಕರೆ ಹೋಗಬೇಕಾದರೆ ಫೋನ್‌ನಲ್ಲಿ ವೋಲ್ಟಿ, ಅಂದರೆ 4ಜಿ ಮೂಲಕವೇ ಕರೆ ಮಾಡುವ ಸೌಲಭ್ಯ ಇರಬೇಕು, ಅದೂ ಅಲ್ಲಿನ ಕಂಪನಿ ಒಪ್ಪುವ ಮಾಡೆಲ್ ಆಗಿರಬೇಕು. ಇಲ್ಲಿ ಕೊಂಡ ಫೋನ್‌ಗಳ ವಿಷಯದಲ್ಲಿ ಎಟಿ ಆ್ಯಂಡ್ ಟಿ ಹೆಚ್ಚು ಕಟ್ಟುನಿಟ್ಟು. ಫೋನ್‌ನಲ್ಲಿ ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿದರೆ ಐಎಂಇಐ, ಅಂದರೆ ಆ ಫೋನಿನ ಗುರುತಿನ ನಂಬರ್ ಬರುತ್ತದೆ. ಅದನ್ನು ಮಗನಿಗೆ ಕಳಿಸಿ, ಕಂಪನಿಯ ಜಾಲತಾಣದಲ್ಲಿ ಹಾಕಿ ನೋಡಲು ಹೇಳಿ.

ಆಸ್ಟ್ರೇಲಿಯಾ, ಇಂಗ್ಲೆಂಡ್‌ಗೆ?

ಆಸ್ಟ್ರೇಲಿಯಾದಲ್ಲಿ ಫೋನ್ ಬಗ್ಗೆಯೇ ಎಚ್ಚರ ಬೇಕು. ಟೆಲ್‌ಸ್ಟ್ರಾ, ಆಪ್ಟಸ್ ಎರಡೂ 2024ರ ಅಕ್ಟೋಬರ್ 28ರಿಂದ 3ಜಿ ಮುಚ್ಚತೊಡಗಿದವು. ತುರ್ತು ಸಂಖ್ಯೆ 000ಕ್ಕೆ 4ಜಿಯಲ್ಲಿ ಕರೆ ಮಾಡಲಾಗದ ಫೋನ್‌ಗಳನ್ನು ಅಲ್ಲಿನ ಕಂಪನಿಗಳು ಜಾಲದಿಂದಲೇ ಹೊರಗಿಡುತ್ತವೆ. ಇಂಟರ್ನೆಟ್ ಚೆನ್ನಾಗಿ ನಡೆಯುವ ಫೋನ್ ಕೂಡ ಹೀಗೆ ಬ್ಲಾಕ್ ಆಗಬಹುದು. ಸಿಮ್ ವಿಷಯದಲ್ಲಿ ಮಾತ್ರ ಆರಾಮ. 365 ದಿನದ ಪ್ರೀಪೇಯ್ಡ್ ಅಲ್ಲಿ ಸುಲಭವಾಗಿ ಸಿಗುತ್ತದೆ. ಪ್ರತಿ ವರ್ಷ ಹೋಗುವವರಿಗೆ ಅದೇ ಸರಿ.

ಇಂಗ್ಲೆಂಡ್‌ನಲ್ಲಿ ಗಿಫ್‌ಗ್ಯಾಫ್‌ನಂಥ ಸಿಮ್‌ಗಳನ್ನು ತಿಂಗಳ ಪ್ಲ್ಯಾನ್ ಇಲ್ಲದೆಯೂ ಇಟ್ಟುಕೊಳ್ಳಬಹುದು. ಆರು ತಿಂಗಳಿಗೊಮ್ಮೆ ಬಳಸದಿದ್ದರೆ ನಂಬರ್ ಹೋಗುತ್ತದೆ. ಕ್ಯಾಲೆಂಡರ್‌ನಲ್ಲಿ ಐದನೇ ತಿಂಗಳಿಗೆ ಗುರುತು ಹಾಕಿಕೊಳ್ಳಿ.

ದುಬೈನಲ್ಲಿ ವಾಟ್ಸಾಪ್ ಕರೆ ಹೋಗುವುದಿಲ್ಲವಂತೆ?

ಹೌದು, ಯುಎಇಯಲ್ಲಿ ವಾಟ್ಸಾಪ್‌ನ ಧ್ವನಿ ಮತ್ತು ವಿಡಿಯೋ ಕರೆಗೆ ತಡೆ ಇದೆ. ಮೆಸೇಜ್, ಫೋಟೋ, ಧ್ವನಿ ಸಂದೇಶ ಹೋಗುತ್ತವೆ. ಅಲ್ಲಿ ಅನುಮತಿ ಇರುವ ಬೋಟಿಮ್‌ನಂಥ ಆ್ಯಪ್ ಅನ್ನು ಊರಿನವರ ಫೋನ್‌ನಲ್ಲೂ ಮುಂಚೆಯೇ ಹಾಕಿಟ್ಟು, ಒಮ್ಮೆ ಕರೆ ಮಾಡಿ ಅಭ್ಯಾಸ ಮಾಡಿಸಿ. ಮಂಗಳೂರು ವಿಮಾನ ನಿಲ್ದಾಣಕ್ಕೆ ಶಿರಾಡಿ ಘಾಟಿ ಇಳಿಯುವ ಹಿಂದಿನ ದಿನ ನೆನಪಾದರೆ ಕಷ್ಟ.

ಇಂಥ ತಡೆಯನ್ನು ದಾಟಿಸುವ ವಿಪಿಎನ್ ಆ್ಯಪ್ ಹಾಕಿಕೊಂಡು ವಾಟ್ಸಾಪ್ ಕರೆ ಮಾಡಿ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಅವರ ಮಾತು ಕೇಳಬೇಡಿ. ಅಪರಾಧ ಮಾಡಲು ಅಥವಾ ಮುಚ್ಚಿಡಲು ವಿಪಿಎನ್ ಬಳಸಿದರೆ ಅಲ್ಲಿನ 2021ರ ಸೈಬರ್ ಕಾನೂನಿನಲ್ಲಿ 5 ಲಕ್ಷದಿಂದ 20 ಲಕ್ಷ ದಿರ್ಹಂವರೆಗೆ ದಂಡ ಇದೆ. ಒಂದು ಫೋನ್ ಕರೆಗೋಸ್ಕರ ಮಗನ ಕೆಲಸ, ವೀಸಾ ಪಣಕ್ಕಿಡಬಾರದು.

ಹಾಸನದಲ್ಲಿರುವಾಗ ಅಲ್ಲಿನ ನಂಬರ್ ಉಳಿಸಿಕೊಳ್ಳುವುದು ಹೇಗೆ?

ಅಲ್ಲಿನ ಬ್ಯಾಂಕ್, ಆಸ್ಪತ್ರೆ, ಮನೆಯ ತೆರಿಗೆ ಎಲ್ಲ ಅಲ್ಲಿನ ನಂಬರ್ ಕೇಳುತ್ತವೆ. ಅಮೆರಿಕದ ಸಿಮ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ ಬನ್ನಿ. ಊರಿನ ಮನೆಯ ವೈಫೈ ಹಿಡಿದರೆ ಅಮೆರಿಕದ ಕರೆ, ಮೆಸೇಜ್ ಅಲ್ಲಿದ್ದ ಹಾಗೇ ಬರುತ್ತವೆ. ಮೊದಲ ಸಲ ಆನ್ ಮಾಡುವುದು ಅಮೆರಿಕದಲ್ಲೇ ಆಗಬೇಕು. ಅಲ್ಲಿನ ವಿಳಾಸ ಕೇಳುತ್ತದೆ.

ಇನ್ನೊಂದು ದಾರಿ ಗೂಗಲ್ ವಾಯ್ಸ್, ಅಂದರೆ ಸಿಮ್ ಇಲ್ಲದೆ ಇಂಟರ್ನೆಟ್‌ನಲ್ಲೇ ನಡೆಯುವ ಫೋನ್ ನಂಬರ್. 20 ಡಾಲರ್ ಒಮ್ಮೆ ಕೊಟ್ಟು ನಿಮ್ಮ ಅಮೆರಿಕದ ನಂಬರನ್ನು ಅದಕ್ಕೆ ವರ್ಗಾಯಿಸಬಹುದು. ಆಮೇಲೆ ತಿಂಗಳ ಖರ್ಚಿಲ್ಲ. ಅದೇ ಕೊಡುವ ಉಚಿತ ನಂಬರ್ ತಗೊಂಡರೆ ಮೂರು ತಿಂಗಳು ಬಳಸದಿದ್ದಾಗ ಗೂಗಲ್ ಅದನ್ನು ಹಿಂದಕ್ಕೆ ಪಡೆಯಬಹುದು. ಒಂದು ತೊಂದರೆ ಇದೆ. ಕೆಲವು ಬ್ಯಾಂಕುಗಳು ಇಂಥ ಇಂಟರ್ನೆಟ್ ನಂಬರ್‌ಗೆ ಒಟಿಪಿ ಕಳಿಸುವುದಿಲ್ಲ. ಬ್ಯಾಂಕ್ ಕೆಲಸ ಮುಖ್ಯ ಅನ್ನುವವರಿಗೆ ಮೇಲೆ ಹೇಳಿದ ಪೇಗೋದಂಥ ಅಗ್ಗದ ಸಿಮ್ಮೇ ವಾಸಿ.

ಇ-ಸಿಮ್ ತಗೊಳ್ಳಬಹುದಾ?

ತಗೊಳ್ಳಬಹುದು. ಇ-ಸಿಮ್ ಅಂದರೆ ಕಾರ್ಡ್ ಇಲ್ಲದೆ ಫೋನ್ ಒಳಗೇ ಕೂರುವ ಸಿಮ್. ಮಗಳು ತನ್ನ ಹಳೇ ಐಫೋನ್ ಕೊಡುತ್ತಾಳೆ ಅಂದರೆ ಮಾತ್ರ ಮೊದಲು ವಿಚಾರಿಸಿ. ಅಮೆರಿಕದಲ್ಲಿ ಮಾರಿದ ಐಫೋನ್ 14 ಮತ್ತು ಆಮೇಲಿನ ಮಾಡೆಲ್‌ಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ. ಊರಿನ ಸಿಮ್ ಇ-ಸಿಮ್ ಆಗಿರಲೇಬೇಕು. ಆ ಬದಲಾವಣೆಗೆ ಊರಿನ ಸಿಮ್‌ನಿಂದಲೇ ಎಸ್‌ಎಂಎಸ್ ಹೋಗಬೇಕಾಗಬಹುದು. ಸಿಮ್ ಬದಲಾದ ಮೇಲೆ 24 ಗಂಟೆ ಎಸ್‌ಎಂಎಸ್ ಬಂದ್ ಇರುತ್ತದೆ, ಇದು ಮೋಸ ತಡೆಯಲು ದೂರಸಂಪರ್ಕ ಇಲಾಖೆ ಮಾಡಿದ ನಿಯಮ. ಹಾಗಾಗಿ ಹೊರಡುವ ಒಂದು ವಾರ ಮುಂಚೆ ಮುಗಿಸಿ.

ಪ್ರವಾಸಿಗಳಿಗೆ ಮಾರುವ ಇ-ಸಿಮ್‌ಗಳು ಹೆಚ್ಚಾಗಿ ಡೇಟಾ ಮಾತ್ರ ಕೊಡುತ್ತವೆ. ನಂಬರ್ ಸಿಗುವುದಿಲ್ಲ. ಆಗಾಗ ಹೋಗುವವರಿಗೆ ಅಲ್ಲಿನದೇ ಒಂದು ನಂಬರ್ ಇರುವುದು ಒಳ್ಳೆಯದು.

ವಾಟ್ಸಾಪ್ ಯಾವ ನಂಬರ್‌ನಲ್ಲಿ ಇಟ್ಟುಕೊಳ್ಳಲಿ?

ಊರಿನದರಲ್ಲೇ. ಬದಲಾಯಿಸಬೇಡಿ. 2025ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ, ನೋಂದಾಯಿಸಿದ ಸಿಮ್ ಫೋನ್‌ನಲ್ಲೇ ಇದ್ದರೆ ಮಾತ್ರ ವಾಟ್ಸಾಪ್‌ನಂಥ ಆ್ಯಪ್‌ಗಳು ನಡೆಯಬೇಕು ಎಂದು ಕಂಪನಿಗಳಿಗೆ ಸೂಚಿಸಿತು. ಸಿಮ್ ಜೊತೆಯಲ್ಲೇ ಒಯ್ಯಲು ಇದು ಇನ್ನೊಂದು ಕಾರಣ.

ಅಲ್ಲಿಂದ ಫೋನ್‌ಪೇ, ಗೂಗಲ್ ಪೇ ಮಾಡಬಹುದಾ?

ಊರಲ್ಲಿ ಮೊದಲೇ ಸೆಟ್ ಮಾಡಿದ್ದು, ಸಿಮ್ ಅದೇ ಫೋನ್‌ನಲ್ಲಿದ್ದರೆ ಸಾಮಾನ್ಯವಾಗಿ ಅಲ್ಲಿನ ವೈಫೈನಲ್ಲೂ ನಡೆಯುತ್ತದೆ. ಆಳುಗಳ ಬಟವಾಡೆಗೆ ರೈಟರ್‌ಗೆ ದುಡ್ಡು ಕಳಿಸುವವರು ಇದನ್ನೇ ಮಾಡುತ್ತಾರೆ. ಅಲ್ಲಿಗೆ ಹೋಗಿ ಹೊಸ ಫೋನ್‌ಗೆ ಬದಲಾಯಿಸಲು ಹೋದರೆ ಸಿಕ್ಕಿಹಾಕಿಕೊಳ್ಳುತ್ತೀರಿ. ಆ್ಯಪ್ ಊರಿನ ಸಿಮ್‌ನಿಂದ ಎಸ್‌ಎಂಎಸ್ ಕಳಿಸಿ ಪರೀಕ್ಷಿಸುತ್ತದೆ. ರೋಮಿಂಗ್‌ನಲ್ಲಿ ಅದಕ್ಕೆ ದುಡ್ಡು ಹೋಗುತ್ತದೆ, ಕೆಲಸ ಆಗದೆಯೂ ಇರಬಹುದು. ಇನ್ನು ಒಂದು ವರ್ಷ ಬಳಸದ ಯುಪಿಐ ಐಡಿ ನಿಷ್ಕ್ರಿಯ ಆಗುತ್ತದೆ.

ಹೊರದೇಶದಲ್ಲೇ ನೆಲೆಸಿ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆ (ಅನಿವಾಸಿ ಭಾರತೀಯರ ಬ್ಯಾಂಕ್ ಖಾತೆ) ಇರುವವರಿಗೆ 2023ರಿಂದ ಇನ್ನೊಂದು ಅನುಕೂಲ ಇದೆ. ಮೊದಲಿಗೆ ಹತ್ತು ದೇಶಗಳ ನಂಬರ್‌ಗಳಿಗೆ ಯುಪಿಐ ಜೋಡಿಸಲು ಅವಕಾಶ ಸಿಕ್ಕಿತು. ಅಮೆರಿಕ, ಇಂಗ್ಲೆಂಡ್, ಕೆನಡಾ, ಆಸ್ಟ್ರೇಲಿಯಾ, ಸಿಂಗಪುರ, ಯುಎಇ, ಸೌದಿ, ಕತಾರ್, ಒಮಾನ್ ಅದರಲ್ಲಿ ಸೇರಿವೆ.

ತೋಟದಲ್ಲಿ ಸಿಗ್ನಲ್ಲೇ ಇಲ್ಲ. ಹೊರದೇಶದಿಂದ ಫೋನ್ ಮಾಡಿದರೆ ಸಿಗುವುದು ಹೇಗೆ?

ಊರಿನ ಮನೆಗೆ ಫೈಬರ್ ಇಂಟರ್ನೆಟ್ ಇದ್ದರೆ, ಅಲ್ಲಿರುವ ಫೋನ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ಟವರ್ ಇಲ್ಲದಿದ್ದರೂ ಮಾಮೂಲಿ ಕರೆ ಒಳಗೆ ಬರುತ್ತದೆ. ರೂಟರ್‌ಗೆ ಸಣ್ಣ ಯುಪಿಎಸ್ ಹಾಕಿ. ಮಳೆಗಾಲದಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಮೊದಲು ಸ್ಕೈಪ್ ಕ್ರೆಡಿಟ್ ಹಾಕಿ ಊರಿನ ಫೋನ್‌ಗೆ ಮಾಡುತ್ತಿದ್ದವರಿದ್ದರು. ಅದು 2025ರ ಮೇ 5ಕ್ಕೆ ಮುಚ್ಚಿತು. ಈಗ ಅಮೆರಿಕದಲ್ಲಿರುವವರಿಗೆ ಗೂಗಲ್ ವಾಯ್ಸ್ ಇದೆ. ಭಾರತಕ್ಕೆ ನಿಮಿಷಕ್ಕೆ 1 ಸೆಂಟ್. ಕೀಪ್ಯಾಡ್ ಫೋನ್ ಇರುವ ಮೇಸ್ತ್ರಿಗೆ ಅರ್ಧ ಗಂಟೆ ಮಾತಾಡಿದರೂ 30 ಸೆಂಟ್. ಡಲ್ಲಾಸ್‌ಗೂ ನಮಗೂ ಬೇಸಿಗೆಯಲ್ಲಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ ವ್ಯತ್ಯಾಸ. ಅಲ್ಲಿ ರಾತ್ರಿ ಊಟ ಆದ ಮೇಲೆ ಮಾಡಿದರೆ ಇಲ್ಲಿ ತೋಟಕ್ಕೆ ಆಳು ಬರುವ ಹೊತ್ತು. ಕೆಲಸದ ಮಾತಿಗೆ ಅದೇ ಸರಿಯಾದ ಸಮಯ.

ಗೊತ್ತಿಲ್ಲದೆ ದುಡ್ಡು ಹೋಗುವುದು ಎಲ್ಲಿ?

ವಿಮಾನದಲ್ಲಿ. ಫ್ಲೈಟ್ ಮೋಡ್ ಹಾಕದೆ ಮಲಗಿದರೆ, ಕೆಲವು ವಿಮಾನಗಳಲ್ಲಿರುವ ಮೊಬೈಲ್ ಜಾಲವನ್ನು ಫೋನ್ ಹಿಡಿದುಬಿಡುತ್ತದೆ. ಅದರ ದರ ಬಹಳ ಜಾಸ್ತಿ. ಐಫೋನ್ ಐಮೆಸೇಜ್ ಚಾಲೂ ಮಾಡುವಾಗ ತಾನೇ ಒಂದು ಎಸ್‌ಎಂಎಸ್ ಕಳಿಸುತ್ತದೆ, ಊರಿನ ಸಿಮ್‌ನಲ್ಲಿ ಅದಕ್ಕೆ ರೋಮಿಂಗ್ ದರ ಬೀಳಬಹುದು. ಎರಡು ಸಿಮ್ ಇರುವ ಫೋನ್‌ನಲ್ಲಿ, ಒಂದರ ಸಿಗ್ನಲ್ ಕಡಿಮೆಯಾದಾಗ ಇನ್ನೊಂದರ ಡೇಟಾಗೆ ತಾನೇ ಜಿಗಿಯುವ ಸೆಟ್ಟಿಂಗ್ ಇರುತ್ತದೆ. ಅದನ್ನು ಆಫ್ ಮಾಡಿ.

ಅಪ್ಪ ಅಮ್ಮನಿಗೆ ಇದೆಲ್ಲ ನೆನಪಿರಲ್ಲ. ಏನು ಮಾಡಲಿ?

ನೆನಪಿಡುವ ಭಾರ ಅವರ ಮೇಲೆ ಹಾಕಬೇಡಿ. ಸೆಟ್ಟಿಂಗ್ಸ್ ಎಲ್ಲ ನೀವೇ ಮಾಡಿ. ಎರಡು ಸಿಮ್‌ಗೂ ಕನ್ನಡದಲ್ಲೇ ಹೆಸರು ಕೊಡಿ, ‘ಊರು’ ಮತ್ತು ‘ಇಲ್ಲಿ’ ಅಂತ. ಕರೆ ಬಂದಾಗ ಪರದೆ ಮೇಲೆ ಅದೇ ಕಾಣುತ್ತದೆ. ‘ಊರು’ ಅಂತ ಬಂದರೆ ಎತ್ತಬೇಡಿ ಅಂತ ಹೇಳಿದರೆ ಸಾಕು. ಮನೆಯವರ ನಂಬರ್‌ಗಳನ್ನು ದೇಶದ ಕೋಡ್ ಸಮೇತ ಪ್ಲಸ್ ಚಿಹ್ನೆ ಹಾಕಿ ಸೇವ್ ಮಾಡಿ, ಆಗ ಎಲ್ಲಿಂದ ಮಾಡಿದರೂ ಹೋಗುತ್ತದೆ.

ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಅಲ್ಲಿನ ಮನೆಯ ವಿಳಾಸ, ಮಗಳ ನಂಬರ್, ಆ ದೇಶದ ತುರ್ತು ಸಂಖ್ಯೆ ಬರೆದು ಫೋನ್ ಕವರ್ ಒಳಗೆ ಇಡಿ. ಅಮೆರಿಕದಲ್ಲಿ 911, ಇಂಗ್ಲೆಂಡ್‌ನಲ್ಲಿ 999, ಆಸ್ಟ್ರೇಲಿಯಾದಲ್ಲಿ 000. ಯುಎಇಯಲ್ಲಿ ಪೊಲೀಸರಿಗೆ 999, ಆಂಬುಲೆನ್ಸ್‌ಗೆ 998. ಈ ಕರೆಗಳಿಗೆ ಯಾವ ಪ್ಯಾಕೂ ಬೇಕಿಲ್ಲ ಅಂತಲೂ ಅವರಿಗೆ ಬಿಡಿಸಿ ಹೇಳಿ. ದುಡ್ಡು ಕಟ್ಟಾಗುತ್ತದೆ ಅಂತ ಹೆದರಿ ಫೋನ್ ಮಾಡದೆ ಕೂರುವ ಹಿರಿಯರು ನಮ್ಮಲ್ಲಿ ಇದ್ದಾರೆ.